ಶ್ರುತಧರರಿಂದ ತ್ರೈವಿದ್ಯರವರೆಗೆ: ಜೈನ ಪರಂಪರೆಯಲ್ಲಿ ಶಾಸ್ತ್ರಗಳೂ ಶಾಸ್ತ್ರಜ್ಞರ ಹೆಸರುಗಳೂ

ಹಸ್ತಪ್ರತಿಗಳ ಪುಷ್ಪಿಕೆಗಳಲ್ಲಾಗಲಿ ನಿಸಿದಿಯ ಶಾಸನಗಳಲ್ಲಾಗಲಿ ಜೈನಾಚಾರ್ಯರ ಹೆಸರು ಒಂಟಿಯಾಗಿ ಬರುವುದು ವಿರಳ. ಮೇಘಚಂದ್ರರು ಬರಿಯ ಮೇಘಚಂದ್ರರಲ್ಲ, ಮೇಘಚಂದ್ರ ತ್ರೈವಿದ್ಯದೇವರು, ಶುಭಚಂದ್ರರು ಸಿದ್ಧಾಂತದೇವರು, ನೇಮಿಚಂದ್ರರು ಸಿದ್ಧಾಂತಚಕ್ರವರ್ತಿಗಳು, ಬಾಲಚಂದ್ರರು ಅಧ್ಯಾತ್ಮಿಗಳು, ಅಜಿತಸೇನರು ವಾದೀಭಸಿಂಹರು. ಸೂಚೀಪತ್ರಗಳನ್ನು ಸಿದ್ಧಪಡಿಸುವಾಗ ಈ ಪದಗಳನ್ನು ಶಿಷ್ಯರ ಭಕ್ತಿಯ ಉದ್ಗಾರವೆಂದೆಣಿಸಿ ಕತ್ತರಿಸಿಹಾಕುವ ರೂಢಿಯೊಂದು ಬೆಳೆದಿದೆ. ಅದರಿಂದಾಗುವ ಹಾನಿ ಸಣ್ಣದಲ್ಲ. ದಿಗಂಬರ ಗುರುಪರಂಪರೆಯಲ್ಲಿ ಪ್ರಭಾಚಂದ್ರರು ಒಬ್ಬರಲ್ಲ, ನೇಮಿಚಂದ್ರರು ಒಬ್ಬರಲ್ಲ, ಬಾಲಚಂದ್ರರೂ ಶುಭಚಂದ್ರರೂ ಒಬ್ಬರಲ್ಲ. ಚಂದ್ರ, ಕೀರ್ತಿ, ನಂದಿ, ಸೇನ ಎಂಬ ಕೆಲವೇ ಅಂತ್ಯಪದಗಳನ್ನು ಹಿಡಿದು ನೂರಾರು ವರ್ಷ ನಡೆದ ದೀಕ್ಷಾನಾಮಗಳ ಈ ಕಾಡಿನಲ್ಲಿ, ಒಬ್ಬರನ್ನು ಮತ್ತೊಬ್ಬರಿಂದ ಬೇರ್ಪಡಿಸಲು ಉಳಿದಿರುವ ಗುರುತುಗಳು ಎರಡು ಮೂರು ಮಾತ್ರ: ಗುರುವಿನ ಹೆಸರು, ಗಣಗಚ್ಛಗಳು ಮತ್ತು ಈ ವಿದ್ಯಾನಾಮ. ಮೊದಲೆರಡನ್ನು ವಿದ್ವಾಂಸರು ಶ್ರದ್ಧೆಯಿಂದ ಸಂಗ್ರಹಿಸಿದ್ದಾರೆ. ಮೂರನೆಯದಕ್ಕೆ ತಕ್ಕ ಗಮನ ಸಂದಿಲ್ಲ.

ಈ ಹೆಸರುಗಳು ಹುಟ್ಟುವ ಬಗೆಯನ್ನು ವ್ಯಾಕರಣದಿಂದಲೇ ಆರಂಭಿಸಿ ನೋಡುವುದು ಉಚಿತ. ಒಂದು ಶಾಸ್ತ್ರವನ್ನು ಓದುವವನಿಗೂ ಅದನ್ನು ತಿಳಿದವನಿಗೂ ಆ ಶಾಸ್ತ್ರದ ಹೆಸರಿನಿಂದಲೇ ತದ್ಧಿತಪ್ರತ್ಯಯದ ಮೂಲಕ ಹೆಸರು ಬರುತ್ತದೆ ಎಂಬುದು ಪಾಣಿನಿಯ ವಿಧಿ. ವ್ಯಾಕರಣವನ್ನು ಓದುವವನು ಅಥವಾ ಬಲ್ಲವನು ವೈಯಾಕರಣ. ನ್ಯಾಯಕ್ಕೆ ನೈಯಾಯಿಕ, ಲೋಕಾಯತಕ್ಕೆ ಲೌಕಾಯತಿಕ. ಮೀಮಾಂಸೆಗೆ ಮಾತ್ರ ಬೇರೊಂದು ಪ್ರತ್ಯಯ ಹತ್ತಿ ಮೀಮಾಂಸಕ. ತಾರ್ಕಿಕ, ಸೈದ್ಧಾಂತಿಕ, ನೈಮಿತ್ತಿಕ, ಪೌರಾಣಿಕ ಮೊದಲಾದವು ಇದೇ ಅಚ್ಚಿನವು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಓದುತ್ತಿರುವವನನ್ನೂ ಓದಿ ಮುಗಿಸಿದವನನ್ನೂ ಈ ಪ್ರತ್ಯಯಗಳು ಬೇರ್ಪಡಿಸುವುದಿಲ್ಲ. ವಿದ್ಯಾರ್ಥಿಯೂ ವೈಯಾಕರಣನೇ, ಆಚಾರ್ಯನೂ ವೈಯಾಕರಣನೇ. ಕರ್ಣಾಟಕದ ಶಾಸನಗಳಲ್ಲಿ ಸೈದ್ಧಾಂತಿಕ ಎಂಬುದರ ಜೊತೆಗೆ ಸಿದ್ಧಾಂತದೇವ, ಸಿದ್ಧಾಂತಚಕ್ರವರ್ತಿ ಎಂಬ ರೂಪಗಳೂ ಬೆಳೆದುಬಂದುದಕ್ಕೆ ಭಕ್ತಿಯೊಂದೇ ಕಾರಣವಾಗಿರಲಾರದು. ತದ್ಧಿತವು ಹೇಳದೆ ಬಿಟ್ಟ ತಾರತಮ್ಯವನ್ನು ಹೇಳುವ ಅವಶ್ಯಕತೆಯೂ ಕಾರಣವಾಗಿರಬೇಕು.

ಆದರೆ ಶಾಸ್ತ್ರವಿಭಾಗಕ್ಕೆ ಅನುಸಾರವಾದ ಹೆಸರು ಜೈನ ಪರಂಪರೆಯ ಮೊದಲ ಪದ್ಧತಿಯಲ್ಲ. ಅದಕ್ಕೂ ಮೊದಲು ಇದ್ದುದು ಪ್ರಮಾಣವನ್ನು ಅನುಸರಿಸಿದ ಹೆಸರು, ಅಂದರೆ ದ್ವಾದಶಾಂಗ ಶ್ರುತದಲ್ಲಿ ಎಷ್ಟು ಭಾಗ ಒಬ್ಬರ ಧಾರಣೆಯಲ್ಲಿದೆ ಎಂಬುದನ್ನು ಹೇಳುವ ಹೆಸರು. ಧವಲಾಟೀಕೆಯಲ್ಲಿ ಕಾಣುವ ಶ್ರುತಾವತಾರದ ಕಾಲಗಣನೆ ಈ ದೃಷ್ಟಿಯಿಂದ ಒಂದು ಅಪೂರ್ವ ದಾಖಲೆ. ವೀರನಿರ್ವಾಣದ ಅನಂತರ 3 ಕೇವಲಿಗಳು 62 ವರ್ಷ, 5 ಶ್ರುತಕೇವಲಿಗಳು 100 ವರ್ಷ, 11 ದಶಪೂರ್ವಿಗಳು 183 ವರ್ಷ, 5 ಏಕಾದಶಾಂಗಧಾರಿಗಳು 220 ವರ್ಷ, 4 ಆಚಾರಾಂಗಧಾರಿಗಳು 118 ವರ್ಷ: ಒಟ್ಟು 683 ವರ್ಷ. ಇದನ್ನು ಸಾಮಾನ್ಯವಾಗಿ ಪಟ್ಟಾವಳಿಯೆಂದು ಓದುತ್ತಾರೆ. ಇದು ವಿದ್ವಾಂಸರ ವರ್ಗೀಕರಣವೂ ಹೌದು. ಪ್ರತಿಯೊಂದು ಹೆಸರೂ ಒಂದು ಅಳತೆ. ಮತ್ತು ಆ ಅಳತೆ ಇಳಿಯುತ್ತ ಹೋಗುತ್ತದೆ. ವಿದ್ಯೆಯ ಹೆಸರುಗಳ ಮೂಲಕವೇ ವಿದ್ಯೆಯ ನಷ್ಟವನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಲೆಕ್ಕವಿಟ್ಟ ಪರಂಪರೆ ಬೇರೆಲ್ಲಿಯೂ ಸುಲಭವಾಗಿ ಕಾಣಸಿಗದು.

ಮಹಾವೀರಸ್ವಾಮಿಯ ಸಂಘದ 14,000 ಮುನಿಗಳನ್ನು ದಿಗಂಬರ ಗ್ರಂಥಗಳು ಏಳು ಗಣಗಳಾಗಿ ವಿಂಗಡಿಸುವಲ್ಲಿಯೂ ಇಂಥದೇ ದೃಷ್ಟಿಯಿದೆ: ಪೂರ್ವಧರರು 300, ಶಿಕ್ಷಕರು 9,900, ಅವಧಿಜ್ಞಾನಿಗಳು 1,300, ಕೇವಲಿಗಳು 700, ವಿಕ್ರಿಯಾಋದ್ಧಿಯುಳ್ಳವರು 900, ವಿಪುಲಮತಿಗಳು 500, ವಾದಿಗಳು 400. ಇಲ್ಲಿ ಜ್ಞಾನದ ಬಗೆ, ತಪಸ್ಸಿನ ಸಿದ್ಧಿ, ಪಾಠಕಾರ್ಯ, ವಾದಶಕ್ತಿ ಎಲ್ಲವೂ ಒಂದೇ ಸಾಲಿನಲ್ಲಿ ಬಂದಿವೆ. ಮುಂದಿನ ಕಾಲಕ್ಕೆ ಉಳಿದುಬಂದ ಹೆಸರು ಇವುಗಳಲ್ಲಿ ಮುಖ್ಯವಾಗಿ ಒಂದೇ, ವಾದಿ. ಕೇವಲಜ್ಞಾನ ಮನಃಪರ್ಯಯಗಳು ಈ ಕಾಲದಲ್ಲಿ ಇಲ್ಲವೆಂದ ಮೇಲೆ ಆ ಹೆಸರುಗಳನ್ನು ಯಾರಿಗೂ ಕೊಡುವಂತಿರಲಿಲ್ಲ. ವಾದಕ್ಕೆ ಅಂಥ ತಡೆಯಿರಲಿಲ್ಲ.

ಉಪಾಧ್ಯಾಯ ಶಬ್ದದ ಕಥೆಯೂ ಇಲ್ಲಿಗೆ ಸಲ್ಲುತ್ತದೆ. ಉಪಾಧ್ಯಾಯ ಪರಮೇಷ್ಠಿಗೆ ಹೇಳಿರುವ 25 ಗುಣಗಳು 11 ಅಂಗಗಳ ಮತ್ತು 14 ಪೂರ್ವಗಳ ಜ್ಞಾನವೇ ಹೊರತು ಬೇರೆಯಲ್ಲ. ಪಂಚಪರಮೇಷ್ಠಿಗಳಲ್ಲಿ ಗುಣಗಣನೆಯೆಲ್ಲ ಪಾಠ್ಯಗ್ರಂಥಗಳ ಗಣನೆಯಾಗಿರುವುದು ಇವರೊಬ್ಬರಿಗೇ. ಪ್ರಾಕೃತದಲ್ಲಿ ಉವಜ್ಝಾಯ ಎನಿಸಿದ ಈ ಶಬ್ದವೇ ಕನ್ನಡದಲ್ಲಿ ಒಜ್ಜ, ಓಜ ಎಂದಾಗಿ, ಕಡೆಗೆ ಹೊಯ್ಸಳರ ಕಾಲದ ರೂವಾರಿಗಳ ಹೆಸರುಗಳ ತುದಿಯಲ್ಲಿ ನಿಂತಿತು. ಬಳ್ಳಿಗಾವೆಯ ದಾಸೋಜನ ಹೆಸರಿನಲ್ಲಿರುವುದು ಇದೇ. ಅಂಗಪೂರ್ವಗಳನ್ನು ಬಲ್ಲವನ ಹೆಸರು ಉಳಿ ಹಿಡಿದವನಿಗೆ ಸಂದಿತು. ಕಲಿಸಬಲ್ಲ ವಿದ್ಯೆಯುಳ್ಳವನೆಂಬ ಅರ್ಥ ಎರಡು ಕಡೆಯೂ ಕೆಡಲಿಲ್ಲ.

ಅಳತೆಯ ಹೆಸರುಗಳಿಂದ ಶಾಸ್ತ್ರದ ಹೆಸರುಗಳಿಗೆ ಆದ ಪರಿವರ್ತನೆಯ ನಡುದಾರಿಯಲ್ಲಿ ಶಾಕಟಾಯನರು ನಿಂತಿದ್ದಾರೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಈ ಯಾಪನೀಯ ಆಚಾರ್ಯರು ತಮ್ಮ ಶಬ್ದಾನುಶಾಸನದ ಪುಷ್ಪಿಕೆಗಳಲ್ಲಿ ಶ್ರುತಕೇವಲಿದೇಶೀಯಾಚಾರ್ಯರೆಂದು ನಿರ್ದಿಷ್ಟರಾಗಿದ್ದಾರೆ. ‘ದೇಶೀಯ’ ಎಂಬುದನ್ನು ಕಂಡೊಡನೆ ದೇಶೀಗಣವನ್ನು ನೆನೆಯುವುದು ಸರಿಯಲ್ಲ. ಅದು ‘ಸ್ವಲ್ಪ ಕಡಿಮೆಯಾದ, ಹೆಚ್ಚು ಕಡಿಮೆ ಅಷ್ಟೇ ಆದ’ ಎಂಬರ್ಥದ ತದ್ಧಿತಪ್ರತ್ಯಯ. ಶ್ರುತಕೇವಲಿಗಿಂತ ಕಿಂಚಿತ್ ನ್ಯೂನರಾದ ಆಚಾರ್ಯರು ಎಂದು ತಾತ್ಪರ್ಯ. ವೈಯಾಕರಣನೊಬ್ಬನು ಹಳೆಯ ಅಳತೆಗೋಲಿನಲ್ಲಿ ತನ್ನ ಸ್ಥಾನವನ್ನು ಸೂಚಿಸಲು ಒಂದು ಪ್ರತ್ಯಯವನ್ನೇ ಬಳಸಿಕೊಂಡಿರುವುದು ಆ ಶಾಸ್ತ್ರಕ್ಕೆ ತಕ್ಕುದೇ ಆಗಿದೆ. ಸುಮಾರು ಅದೇ ಕಾಲದಲ್ಲಿ, ಸಾಮಾನ್ಯವಾಗಿ ಕ್ರಿ.ಶ. 816 ಎಂದು ವಿದ್ವಾಂಸರು ಒಪ್ಪಿರುವ ವರ್ಷದಲ್ಲಿ ಮುಗಿದ ಧವಲಾಟೀಕೆಯ ಪ್ರಶಸ್ತಿಯಲ್ಲಿ, ವೀರಸೇನಾಚಾರ್ಯರ ನೈಪುಣ್ಯವನ್ನು ಅಂಗಪೂರ್ವಗಳ ಮೂಲಕ ಹೇಳಿಲ್ಲ. ಸಿದ್ಧಾಂತ, ಛಂದಸ್ಸು, ಜ್ಯೋತಿಷ, ವ್ಯಾಕರಣ, ಪ್ರಮಾಣ ಎಂಬ ಐದು ಶಾಸ್ತ್ರಗಳ ಮೂಲಕ ಹೇಳಿದೆ. ಶ್ರುತದ ಪಾಲನ್ನು ಎಣಿಸುವ ಕಾಲ ಮುಗಿದು ಶಾಸ್ತ್ರಗಳನ್ನು ಎಣಿಸುವ ಕಾಲ ಬಂದಿತ್ತು.

ವೀರಸೇನರ ಶಿಷ್ಯರಾದ ಜಿನಸೇನಾಚಾರ್ಯರು ಆದಿಪುರಾಣದ ಪೀಠಿಕೆಯಲ್ಲಿ ಸಮಂತಭದ್ರಸ್ವಾಮಿಗಳನ್ನು ಸ್ತುತಿಸುತ್ತ ಕವಿ, ಗಮಕ, ವಾದಿ, ವಾಗ್ಮಿ ಎಂದು ನಾಲ್ಕು ಬಗೆಯ ವಿದ್ವಾಂಸರನ್ನು ಹೆಸರಿಸುತ್ತಾರೆ. ಪರಂಪರೆಯ ವಿವರಣೆಯಂತೆ ಹೊಸ ಸಂದರ್ಭವನ್ನು ರಚಿಸುವವನು ಕವಿ. ಕೃತಿಯನ್ನು ಭೇದಿಸಿ ಅದರ ಒಳಗನ್ನು ತಿಳಿಸುವವನು ಗಮಕ. ಮಾತಿನಿಂದ ಜಯಿಸುವವನು ವಾದಿ. ಜನರನ್ನು ರಂಜಿಸುವವನು ವಾಗ್ಮಿ. ಈ ವಿಭಾಗದ ಸೊಗಸು ಏನೆಂದರೆ ಇದು ವಿಷಯವನ್ನು ಅನುಸರಿಸಿದುದಲ್ಲ, ವಿದ್ವಾಂಸನು ಗ್ರಂಥದೊಡನೆ ನಡೆಸುವ ವ್ಯವಹಾರವನ್ನು ಅನುಸರಿಸಿದುದು. ಇಂದಿನ ಗ್ರಂಥಸಂಪಾದನಕಾರನಿಗೆ ಹಳೆಯ ಹೆಸರೊಂದನ್ನು ಹುಡುಕುವುದಾದರೆ ಅದು ಪಂಡಿತ ಎಂಬುದಲ್ಲ, ಗಮಕ ಎಂಬುದೇ ಸರಿ. ಕನ್ನಡದಲ್ಲಾದರೋ ಗಮಕಿ ಎಂದರೆ ಕಾವ್ಯವನ್ನು ರಾಗವಾಗಿ ಓದುವವನು ಎಂಬ ಅರ್ಥ ನೆಲೆಗೊಂಡಿದೆ. ಅರ್ಥವನ್ನು ಬಿಡಿಸುವ ಕೆಲಸ ಅವನ ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರನಿಗೆ ಹೋಗಿದೆ.

ಇನ್ನು ಸಿದ್ಧಾಂತಚಕ್ರವರ್ತಿ ಎಂಬ ಹೆಸರು. ಗೊಮ್ಮಟಸಾರದ ಕರ್ತೃಗಳಾದ ನೇಮಿಚಂದ್ರಾಚಾರ್ಯರು ಕರ್ಮಕಾಂಡದ ಒಂದು ಗಾಹೆಯಲ್ಲಿ ಈ ಪದವಿಯ ಕೀಲಿಯನ್ನು ತಾವೇ ಕೊಟ್ಟಿದ್ದಾರೆ. ಚಕ್ರವರ್ತಿಯು ಚಕ್ರರತ್ನದಿಂದ ಭರತಕ್ಷೇತ್ರದ ಆರು ಖಂಡಗಳನ್ನು ಸಾಧಿಸುವಂತೆ ತಾವು ಮತಿಯೆಂಬ ಚಕ್ರದಿಂದ ಆರು ಖಂಡಗಳನ್ನು ನಿರ್ವಿಘ್ನವಾಗಿ ಸಾಧಿಸಿದೆವೆಂಬುದು ಅದರ ಭಾವ. ಆರು ಖಂಡಗಳೆಂದರೆ ಷಟ್ಖಂಡಾಗಮ. ಆದುದರಿಂದ ಈ ಚಕ್ರವರ್ತಿತ್ವ ಹೊಗಳಿಕೆಯಲ್ಲ, ಪಠ್ಯನಿರ್ದೇಶ. ಪುಷ್ಪದಂತ ಭೂತಬಲಿಗಳ ಆಗಮವನ್ನು ಜೀವಸ್ಥಾನದಿಂದ ಮಹಾಬಂಧದವರೆಗೆ ಅರಗಿಸಿಕೊಂಡವರಿಗೆ ಮಾತ್ರ ಒಪ್ಪುವ ಹೆಸರು ಇದು. ಇದನ್ನು ಪೊನ್ನನಿಗೆ ಮುಮ್ಮಡಿ ಕೃಷ್ಣನೂ ರನ್ನನಿಗೆ ತೈಲಪನೂ ಕೊಟ್ಟ ಚಕ್ರವರ್ತಿ ಪದವಿಗಳೊಡನೆ ಸೇರಿಸಿ ನೋಡಬಾರದು. ಕವಿಚಕ್ರವರ್ತಿ ಎಂಬುದು ಅರಸನ ಕೊಡುಗೆ. ಅರಸನ ಆಸ್ಥಾನದ ಪ್ರತಿಬಿಂಬ. ಪೊನ್ನನ ‘ಉಭಯ’ ಎಂಬ ವಿಶೇಷಣದಲ್ಲಿ ಮಾತ್ರ ಸಂಸ್ಕೃತ ಕನ್ನಡಗಳೆರಡರ ಅಧಿಕಾರವೆಂಬ ವಿದ್ಯಾನಿರ್ದೇಶ ಉಳಿದುಕೊಂಡಿದೆ.

ಸಿದ್ಧಾಂತದೇವ ಎಂಬ ಹೆಸರು ಕೂಡ ಇಷ್ಟೇ ನಿಖರವಾಗಿತ್ತೆಂಬುದಕ್ಕೆ ಮೂಡಬಿದಿರೆಯ ಸಿದ್ಧಾಂತ ಬಸದಿಯ ತಾಡವೋಲೆಗಳಲ್ಲಿಯೇ ಆಧಾರವಿದೆ. 1939ರಿಂದ ಹೀರಾಲಾಲ ಜೈನರ ನೇತೃತ್ವದಲ್ಲಿ ಅಚ್ಚಾಗತೊಡಗಿದ ಧವಲೆಯ ಮೂಲವಾದ ಹಳಗನ್ನಡ ಲಿಪಿಯ ಪ್ರತಿಗಳ ಪ್ರಶಸ್ತಿಯಿಂದ ತಿಳಿದುಬರುವಂತೆ, ಶ್ರುತಪಂಚಮೀ ವ್ರತದ ಉದ್ಯಾಪನೆಯ ಸಂದರ್ಭದಲ್ಲಿ ದೇಮಿಯಕ್ಕನೆಂಬ ಶ್ರಾವಿಕೆಯು ಆ ಗ್ರಂಥವನ್ನು ಬನ್ನಿಕೆರೆಯ ಚೈತ್ಯಾಲಯದ ಶುಭಚಂದ್ರ ಸಿದ್ಧಾಂತದೇವರಿಗೆ ಸಮರ್ಪಿಸಿದಳು. ಈ ಶುಭಚಂದ್ರರು ಗಂಗರಾಜನ ಗುರುಗಳು, 1123ರಲ್ಲಿ ಸಮಾಧಿಯನ್ನೈದಿದವರು. ಸಿದ್ಧಾಂತಗ್ರಂಥವು ಸಿದ್ಧಾಂತದೇವರ ಕೈ ಸೇರಿತು. ಶಾಸ್ತ್ರದಾನದಲ್ಲಿ ಪಾತ್ರವಿಚಾರ ಹೇಗೆ ನಡೆಯುತ್ತಿತ್ತೆಂಬುದನ್ನು ಈ ಒಂದು ಓಲೆ ತೋರಿಸುತ್ತದೆ.

ಈ ಹೆಸರುಗಳಲ್ಲೆಲ್ಲ ಹೆಚ್ಚು ವಿಚಾರಾರ್ಹವಾದುದು ತ್ರೈವಿದ್ಯ. ಮೂರು ಪರಂಪರೆಗಳು ಈ ಪದವನ್ನು ಬಳಸಿವೆ, ಮೂರು ಅರ್ಥಗಳಲ್ಲಿ. ವೈದಿಕರಲ್ಲಿ ಅದು ಋಗ್ಯಜುಸ್ಸಾಮಗಳನ್ನು ಬಲ್ಲವನು. ಬೌದ್ಧರ ಪಾಲಿ ಗ್ರಂಥಗಳಲ್ಲಿ ಪೂರ್ವಜನ್ಮಸ್ಮರಣೆ, ದಿವ್ಯಚಕ್ಷುಸ್ಸು, ಆಸ್ರವಕ್ಷಯಜ್ಞಾನ ಎಂಬ ಮೂರನ್ನು ಪಡೆದವನು. ಬ್ರಾಹ್ಮಣರ ತ್ರೈವಿದ್ಯತ್ವವನ್ನು ಪ್ರಶ್ನಿಸಲೆಂದೇ ಬುದ್ಧನ ಬಾಯಲ್ಲಿ ಒಂದು ಸೂತ್ರವಿದೆ. ಜೈನರು ಇವೆರಡನ್ನೂ ಬಿಟ್ಟು ಶಬ್ದ, ತರ್ಕ, ಆಗಮ ಎಂಬ ಮೂರು ಶಾಸ್ತ್ರಗಳಿಗೆ ಈ ಹೆಸರನ್ನು ಅನ್ವಯಿಸಿದರು. ಒಂದು ವೇದತ್ರಯಕ್ಕೆ ಕಟ್ಟುಬಿದ್ದದ್ದು, ಇನ್ನೊಂದು ಧ್ಯಾನಸಿದ್ಧಿಗೆ ಕಟ್ಟುಬಿದ್ದದ್ದು. ಜೈನರದು ಮಾತ್ರ ಶಾಲೆಯಲ್ಲಿ ಕಲಿಸಬಹುದಾದ, ಸಭೆಯಲ್ಲಿ ಪರೀಕ್ಷಿಸಬಹುದಾದ ಮೂರು. ಪಾಠಕ್ರಮವೊಂದರ ಹೆಸರೇ ಪದವಿಯ ಹೆಸರಾಯಿತು ಎನ್ನಬಹುದು.

ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ ಮೇಘಚಂದ್ರ ತ್ರೈವಿದ್ಯದೇವರ ನಿಸಿದಿಯ ಶಾಸನ ಇದಕ್ಕೆ ಮುಖ್ಯ ಪ್ರಮಾಣ. ರೈಸ್ ಅವರ 1889ರ ಸಂಪುಟದಲ್ಲಿ ಇದರ ಸಂಖ್ಯೆ 47, ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ 127. (ಮೊದಲ ಸಂಪುಟದಲ್ಲಿ 144 ಶಾಸನಗಳು, ಎರಡನೆಯದರಲ್ಲಿ 500, ಮೈಸೂರು ವಿಶ್ವವಿದ್ಯಾನಿಲಯದ 1973ರ ಪರಿಷ್ಕರಣದಲ್ಲಿ 573. ಮೂರು ಸಂಪುಟಗಳಿಗೂ ಬೇರೆ ಬೇರೆ ಸಂಖ್ಯಾಕ್ರಮವಿರುವುದರಿಂದ ಹಳೆಯ ಲೇಖನಗಳ ಉಲ್ಲೇಖಗಳನ್ನು ಹಿಡಿದು ಹೊರಟ ಓದುಗರು ದಾರಿ ತಪ್ಪುವುದುಂಟು.) ಮೇಘಚಂದ್ರರು 1115ರಲ್ಲಿ ದಿವಂಗತರಾದರು. ಶಾಸನದ ಒಂದು ವೃತ್ತ ಅವರನ್ನು ಮೂವರಿಗೆ ಹೋಲಿಸುತ್ತದೆ: ಸಿದ್ಧಾಂತದಲ್ಲಿ ಜಿನಸೇನ ವೀರಸೇನರಿಗೆ, ಷಟ್ತರ್ಕಗಳಲ್ಲಿ ಅಕಲಂಕದೇವರಿಗೆ, ವ್ಯಾಕರಣಗಳೆಲ್ಲದರಲ್ಲಿ ಪೂಜ್ಯಪಾದರಿಗೆ, ಹಾಗೆ ಹೋಲಿಸಿ ತ್ರೈವಿದ್ಯೋತ್ತಮರೆಂದು ಕರೆಯುತ್ತದೆ. ಜಿನಸೇನ ವೀರಸೇನರನ್ನು ಗುರುಶಿಷ್ಯರ ಜೋಡಿಯಾಗಿ ಒಂದೇ ಎಂದು ಎಣಿಸಿದರೆ ಲೆಕ್ಕ ಮೂರಕ್ಕೆ ಸರಿಹೋಗುತ್ತದೆ. ಉಪಮೆಯ ವೇಷದಲ್ಲಿ ಬಂದಿರುವ ಈ ವೃತ್ತ ನಿಜವಾಗಿ ತ್ರೈವಿದ್ಯಪದದ ನಿರ್ವಚನ. ಒಂದೊಂದು ಶಾಸ್ತ್ರಕ್ಕೆ ಒಬ್ಬೊಬ್ಬ ಆದರ್ಶಪುರುಷ, ಆತನ ಹಿಂದೆ ಒಂದೊಂದು ಗ್ರಂಥರಾಶಿ: ಧವಲಾ ಜಯಧವಲೆಗಳು, ಲಘೀಯಸ್ತ್ರಯಾದಿ ಪ್ರಮಾಣಗ್ರಂಥಗಳು, ಜೈನೇಂದ್ರ ವ್ಯಾಕರಣ. ಹನ್ನೆರಡನೆಯ ಶತಮಾನದ ಆದಿಯಲ್ಲಿ ಮೂಲಸಂಘದ ವಿದ್ಯಾರ್ಥಿಯೊಬ್ಬನ ಮುಂದಿದ್ದ ಪೀಠ ಯಾವುದು, ಪೀಠದ ಮೇಲಿದ್ದ ಓಲೆಗಳು ಯಾವುವು ಎಂಬುದನ್ನು ಊಹಿಸಲು ಇದಕ್ಕಿಂತ ಸ್ಪಷ್ಟವಾದ ಸಾಧನ ದೊರೆಯುವುದು ಕಷ್ಟ.

ಇಂಥ ಹೋಲಿಕೆಗಳು ಕವಿಸಮಯವಾಗಿ ಅನ್ಯತ್ರ ಪುನರುಕ್ತವಾಗುವುದರಿಂದ ಇವಕ್ಕೆ ಬೆಲೆಯಿಲ್ಲವೆಂದು ಆಕ್ಷೇಪಿಸಬಹುದು. ಆ ಆಕ್ಷೇಪಕ್ಕೆ ಮೇಘಚಂದ್ರರ ಶಿಷ್ಯವರ್ಗವೇ ಉತ್ತರ. ಅವರ ಶಿಷ್ಯರಲ್ಲಿ ಆಚಾರಸಾರವನ್ನು ರಚಿಸಿ 1153ರಲ್ಲಿ ಅದಕ್ಕೆ ಕನ್ನಡ ಟೀಕೆಯನ್ನೂ ಬರೆದ ವೀರನಂದಿಗಳು ಸಿದ್ಧಾಂತಚಕ್ರವರ್ತಿಗಳೆನಿಸಿದರು; ಶಾಂತಲಾದೇವಿಯ ಗುರುಗಳಾಗಿ, 1123ರಲ್ಲಿ ಆಕೆ ಕಟ್ಟಿಸಿದ ಸವತಿಗಂಧವಾರಣ ಬಸದಿಯ ದತ್ತಿಯನ್ನು ಪಡೆದ ಪ್ರಭಾಚಂದ್ರರು ಸಿದ್ಧಾಂತದೇವರೆನಿಸಿದರು. ಗುರುವಿನ ತ್ರೈವಿದ್ಯಪದವು ಇವರಿಬ್ಬರ ಹೆಸರಿಗೆ ಹತ್ತಿಕೊಳ್ಳಲಿಲ್ಲ. ಬರಿಯ ಗೌರವಕ್ಕಾಗಿ ಕೊಡುವ ಬಿರುದಾಗಿದ್ದರೆ, ಇಷ್ಟು ದೊಡ್ಡ ಗುರುವಿನ ಇಷ್ಟು ದೊಡ್ಡ ಶಿಷ್ಯರಿಗೆ ಅದನ್ನು ಮುಂದುವರಿಸಲು ಅಡ್ಡಿಯೇನಿತ್ತು? ಬಿರುದು ವಂಶಪಾರಂಪರ್ಯವಾಗಿ ಇಳಿಯದೆ ವಿದ್ಯೆಯನ್ನು ನೋಡಿ ಸಲ್ಲುತ್ತಿತ್ತೆಂದು ಇದರಿಂದ ಊಹಿಸುವುದು ಯುಕ್ತ.

ಗ್ರಂಥಗಳ ಕಡೆಯಿಂದ ಇದೇ ವಿಷಯವನ್ನು ಪರೀಕ್ಷಿಸಲು ಭಾವಸೇನ ತ್ರೈವಿದ್ಯರು ಒದಗುತ್ತಾರೆ. ಹದಿಮೂರನೆಯ ಶತಮಾನದ ಈ ಆಚಾರ್ಯರ ನಿಸಿದಿ ಇಂದಿನ ಆಂಧ್ರದ ಅಮರಾಪುರದಲ್ಲಿ ಕನ್ನಡ ಶಾಸನದೊಡನೆ ದೊರೆತಿದೆ. ಅವರ ವಿಶ್ವತತ್ತ್ವಪ್ರಕಾಶ ಮತ್ತು ಪ್ರಮಾಪ್ರಮೇಯಗಳು ತರ್ಕಕ್ಕೆ ಸೇರಿದವು. ಕಾತಂತ್ರರೂಪಮಾಲೆ ವ್ಯಾಕರಣಕ್ಕೆ ಸೇರಿದುದು. ಸಿದ್ಧಾಂತಸಾರವೆಂಬ ಕೃತಿಯೂ ಅವರ ಹೆಸರಿನಲ್ಲಿದೆ. ಬಿರುದಿನ ಮೂರು ಮತ್ತು ಗ್ರಂಥಗಳ ಮೂರು ಹೊಂದಿಕೊಳ್ಳುತ್ತವೆ. ಇನ್ನೂ ಗಮನಾರ್ಹವೆಂದರೆ, ತ್ರೈವಿದ್ಯರೊಬ್ಬರು ಪಾಠಕ್ಕೆ ಎತ್ತಿಕೊಂಡ ಶಬ್ದಶಾಸ್ತ್ರ ಜೈನೇಂದ್ರವಾಗಿರಬೇಕೆಂಬ ನಿಯಮವಿರಲಿಲ್ಲ; ಕಾತಂತ್ರವೂ ಆಗಬಹುದಾಗಿತ್ತು. ಶಾಸ್ತ್ರ ಮುಖ್ಯ, ಮತ ಅಲ್ಲ.

ವಾದಿಗಳ ಹೆಸರುಗಳಿಗೆ ಆಕರ ಪಾರ್ಶ್ವನಾಥ ಬಸದಿಯ ಮಲ್ಲಿಷೇಣ ಪ್ರಶಸ್ತಿ (1889ರ ಸಂಖ್ಯೆ 54, 1923ರ 67). 1129ರ ಈ ದೀರ್ಘ ಶಾಸನ ಗುರುಪರಂಪರೆಯೆಂಬುದಕ್ಕಿಂತ ವಾದಸಭೆಗಳ ಇತಿಹಾಸ. ಸಾಹಸತುಂಗನ ಎದುರಿಗೆ ಅಕಲಂಕರು, ಶತ್ರುಭಯಂಕರನ ಅರಮನೆಯ ಬಾಗಿಲಲ್ಲಿ ವಾದಾಹ್ವಾನದ ಪತ್ರವನ್ನು ತೂಗಹಾಕಿದ ವಿಮಲಚಂದ್ರರು. ಇವರ ನಡುವೆ ಕೃಷ್ಣರಾಜನ ಸಭೆಯಲ್ಲಿ ತನ್ನ ಹೆಸರಿಗೆ ತಾನೇ ವ್ಯುತ್ಪತ್ತಿ ಹೇಳಿದ ಪರವಾದಿಮಲ್ಲನ ಪ್ರಸಂಗ ಬಲು ರಸವತ್ತಾದುದು. ತಾನು ಹಿಡಿದ ಪಕ್ಷಕ್ಕಿಂತ ಬೇರೆಯಾದುದು ಪರ; ಅದನ್ನು ವಾದಿಸುವವರು ಪರವಾದಿಗಳು; ಅವರಿಗೆ ಮಲ್ಲನಾದವನು ಪರವಾದಿಮಲ್ಲ; ಸಜ್ಜನರು ಅದನ್ನೇ ತನ್ನ ಹೆಸರೆನ್ನುತ್ತಾರೆ ಎಂದು ಅವನ ಉತ್ತರ. ಇಲ್ಲಿ ವಿದ್ಯಾನಾಮವು ದೀಕ್ಷಾನಾಮವನ್ನು ಪೂರ್ತಿಯಾಗಿ ನುಂಗಿಬಿಟ್ಟಿದೆ. ವಾದಿರಾಜರದೂ ಅದೇ ಸ್ಥಿತಿ. 1025ರಲ್ಲಿ ಚಾಳುಕ್ಯ ಜಯಸಿಂಹನ ಆಳ್ವಿಕೆಯಲ್ಲಿ ಪಾರ್ಶ್ವನಾಥಚರಿತವನ್ನು ಮುಗಿಸಿದ ಅವರ ನಿಜನಾಮ ಬಿರುದುಗಳಡಿಯಲ್ಲಿ ಮರೆಯಾಗಿದೆ. ಅವರಿಗೆ ಸಂದ ಮೂರು ಬಿರುದುಗಳು ಮೂರು ಮೂಲದವು: ಷಟ್ತರ್ಕಷಣ್ಮುಖ ಎಂಬುದು ಶಾಸ್ತ್ರದಿಂದ, ಸ್ಯಾದ್ವಾದವಿದ್ಯಾಪತಿ ಎಂಬುದು ಮತದಿಂದ, ಜಗದೇಕಮಲ್ಲವಾದಿ ಎಂಬುದು ಅರಸನ ಬಿರುದಿನಿಂದ. ಏಕೀಭಾವಸ್ತೋತ್ರದ ಕೊನೆಯಲ್ಲಿ ಬರುವ ಪ್ರಸಿದ್ಧ ಪದ್ಯ ಶಾಬ್ದಿಕರು, ತಾರ್ಕಿಕರು, ಕಾವ್ಯಕಾರರು, ಭವ್ಯಸಹಾಯರು ಎಲ್ಲರನ್ನೂ ಅವರ ಹಿಂದಿನ ಸಾಲಿನಲ್ಲಿ ನಿಲ್ಲಿಸುತ್ತದೆ. ಆದರೂ ವ್ಯಾಕರಣದಲ್ಲಿ ಗ್ರಂಥ ಬರೆದವರು ಅವರಲ್ಲ, ಅವರ ಸಹಾಧ್ಯಾಯಿ ದಯಾಪಾಲರು. ಅವರ ರೂಪಸಿದ್ಧಿಯನ್ನು ಮಲ್ಲಿಷೇಣ ಪ್ರಶಸ್ತಿ ಹೆಸರಿಸಿ ಕೊಂಡಾಡುತ್ತದೆ. ಮತಿಸಾಗರರ ಬಳಿ ಓದಿದ ಇಬ್ಬರು ಶಾಸ್ತ್ರಗಳನ್ನು ಹಂಚಿಕೊಂಡಂತೆ ತೋರುತ್ತದೆ.

ಶಬ್ದ, ತರ್ಕ, ಆಗಮಗಳ ಹೊರಗಿನ ಶಾಸ್ತ್ರಗಳಿಗೂ ಈ ನಿಖರತೆ ಹರಡಿತ್ತು. ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದ ಸಂಜ್ಞಾಧಿಕಾರದಲ್ಲಿ ಗಣಕ ಎನಿಸಿಕೊಳ್ಳಲು ಎಂಟು ಗುಣಗಳು ಬೇಕೆನ್ನುತ್ತಾರೆ: ಕ್ರಿಯೆಯನ್ನು ಹಗುರಗೊಳಿಸುವುದು, ಊಹೆ, ಅಪೋಹ, ಆಲಸ್ಯವಿಲ್ಲದಿರುವುದು, ಗ್ರಹಣ, ಧಾರಣ, ಉಪಾಯ, ಅವ್ಯಕ್ತವಾದ ಅಂಕವನ್ನು ವ್ಯಕ್ತಗೊಳಿಸುವುದು. ಸೋಮಾರಿಯಲ್ಲದಿರುವುದನ್ನು ಒಂದು ಶಾಸ್ತ್ರೀಯ ಅರ್ಹತೆಯಾಗಿ ಎಣಿಸಿದ ಲಕ್ಷಣಕಾರರು ವಿರಳ. ವೈದ್ಯಕ್ಕೆ ಬಂದರೆ ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕ (1940ರಲ್ಲಿ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಸೊಲ್ಲಾಪುರದಿಂದ ಪ್ರಕಟಿಸಿದುದು) ಒಂದೊಂದು ಅಂಗಕ್ಕೂ ಒಬ್ಬೊಬ್ಬ ಪೂರ್ವಾಚಾರ್ಯರನ್ನು ಹೆಸರಿಸುತ್ತದೆ. ಶಾಲಾಕ್ಯಕ್ಕೆ ಪೂಜ್ಯಪಾದರು, ಶಲ್ಯಕ್ಕೆ ಪಾತ್ರಸ್ವಾಮಿ, ವಿಷ ಮತ್ತು ಗ್ರಹಶಮನಕ್ಕೆ ಸಿದ್ಧಸೇನರು, ಕಾಯಚಿಕಿತ್ಸೆಗೆ ದಶರಥಗುರು, ಶಿಶುವೈದ್ಯಕ್ಕೆ ಮೇಘನಾದರು, ವೃಷ್ಯ ರಸಾಯನಗಳಿಗೆ ಸಿಂಹನಾದರು. ಈ ಗ್ರಂಥಗಳು ಇಂದು ಉಪಲಬ್ಧವಿಲ್ಲ. ಹೆಸರುಗಳ ಹಂಚಿಕೆಯಾದರೂ ಉಳಿದಿದೆ. ಪೂಜ್ಯಪಾದರು ವೈದ್ಯರಾಗಿಯೂ ವೈಯಾಕರಣರಾಗಿಯೂ ಕಾಣಿಸಿಕೊಳ್ಳುವುದು ಗೊಂದಲವಲ್ಲ. ಅವರ ಮಾತು ಕಾಯ, ವಾಕ್, ಚಿತ್ತಗಳ ಕಲಂಕವನ್ನು ಕಳೆಯುತ್ತದೆಂದು ಜ್ಞಾನಾರ್ಣವದಲ್ಲಿ ಶುಭಚಂದ್ರರು ಹೇಳಿರುವಾಗ ವೈದ್ಯಕ, ವ್ಯಾಕರಣ, ಅಧ್ಯಾತ್ಮ ಎಂಬ ಮೂರು ಕ್ಷೇತ್ರಗಳೇ ಅವರ ಮನಸ್ಸಿನಲ್ಲಿದ್ದುವೆಂಬುದು ಸ್ಪಷ್ಟ.

ವಿದ್ಯಾನಾಮವು ಕರ್ತೃನಿರ್ಣಯಕ್ಕೆ ಹೇಗೆ ನೆರವಾಗುತ್ತದೆಂಬುದಕ್ಕೆ ಪ್ರಭಾಚಂದ್ರರ ವಿಷಯ ಒಳ್ಳೆಯ ನಿದರ್ಶನ. ಪ್ರಮೇಯಕಮಲಮಾರ್ತಂಡ ಮತ್ತು ನ್ಯಾಯಕುಮುದಚಂದ್ರಗಳ ಕರ್ತೃ ಧಾರಾನಗರಿಯಲ್ಲಿ ಭೋಜನ ಮತ್ತು ಅವನ ಉತ್ತರಾಧಿಕಾರಿ ಜಯಸಿಂಹನ ಕಾಲದಲ್ಲಿ ಬರೆದವರು. ಬೆಳಗೊಳದ 1163ರ ದೇವಕೀರ್ತಿ ಶಾಸನದಲ್ಲಿ ಪದ್ಮನಂದಿ ಸೈದ್ಧಾಂತಿಕರ ಶಿಷ್ಯರಾದ ಪ್ರಭಾಚಂದ್ರರೊಬ್ಬರು ಬರುತ್ತಾರೆ. ಅವರಿಗೆ ಅಲ್ಲಿ ಕೊಟ್ಟಿರುವ ವಿಶೇಷಣಗಳು ಎರಡು: ಶಬ್ದವೆಂಬ ಕಮಲಕ್ಕೆ ಭಾಸ್ಕರ, ಪ್ರಸಿದ್ಧ ತರ್ಕಗ್ರಂಥಕಾರ. ಜೈನೇಂದ್ರಕ್ಕೆ ಪ್ರಭಾಚಂದ್ರರು ಬರೆದ ನ್ಯಾಸದ ಹೆಸರು ಶಬ್ದಾಂಭೋಜಭಾಸ್ಕರ. ಮೊದಲನೆಯ ವಿಶೇಷಣ ರೂಪಕದಂತೆ ಕಂಡರೂ ಅದು ಗ್ರಂಥದ ಹೆಸರನ್ನೇ ಬೇರೆ ಪರ್ಯಾಯಪದದಿಂದ ಹೇಳುತ್ತಿದೆ. ಇನ್ನೊಂದು ಬೆಳಗೊಳ ಶಾಸನ ಭೋಜರಾಜನಿಂದ ಪೂಜಿತರಾದ ಪ್ರಭಾಚಂದ್ರರನ್ನು ನ್ಯಾಯ ಮತ್ತು ಶಬ್ದಗಳೆಂಬ ಕಮಲಗಳಿಗೆ ಸೂರ್ಯನೆನ್ನುತ್ತದೆ. ಅಲ್ಲಿ ಗುರು ಬೇರೆ, ಚತುರ್ಮುಖದೇವ. ಗುರುನಾಮ ಭಿನ್ನವಾದರೂ ಶಾಸ್ತ್ರಗಳ ಜೋಡಿ ಅದೇ. ನ್ಯಾಯಕುಮುದಚಂದ್ರದ ಸಂಪಾದಕರಾದ ಮಹೇಂದ್ರಕುಮಾರ ನ್ಯಾಯಾಚಾರ್ಯರು ಈ ವಿಶೇಷಣಗಳನ್ನು ಅಲಂಕಾರವೆಂದು ದಾಟಿಹೋಗಿದ್ದರೆ ಶಾಸನದ ಪ್ರಭಾಚಂದ್ರರನ್ನೂ ಧಾರೆಯ ಪ್ರಭಾಚಂದ್ರರನ್ನೂ ಒಬ್ಬರೆಂದು ಗುರುತಿಸುವ ದಾರಿ ತೆರೆಯುತ್ತಿರಲಿಲ್ಲ. ಅದೇ ರೀತಿ, ಮೇಘಚಂದ್ರಶಿಷ್ಯರಾದ ಹನ್ನೆರಡನೆಯ ಶತಮಾನದ ಪ್ರಭಾಚಂದ್ರರನ್ನು ಇವರಿಂದ ಬೇರ್ಪಡಿಸುವುದು ಕಾಲವೊಂದೇ ಅಲ್ಲ. ಅವರ ಹೆಸರಿನಲ್ಲಿ ಶಬ್ದವೂ ಇಲ್ಲ, ತರ್ಕವೂ ಇಲ್ಲ, ಇರುವುದು ಸಿದ್ಧಾಂತ. ನಯಕೀರ್ತಿ ಸಿದ್ಧಾಂತಚಕ್ರವರ್ತಿಗಳ ಶಿಷ್ಯರಾದ ಬಾಲಚಂದ್ರರು ಸಮಯಸಾರ, ಪ್ರವಚನಸಾರ, ಪಂಚಾಸ್ತಿಕಾಯಗಳಿಗೆ ಕನ್ನಡ ಟೀಕೆ ಬರೆದವರು; ಅವರ ಬಿರುದು ಅಧ್ಯಾತ್ಮಿ. ಇಂಥಲ್ಲಿ ಬಿರುದೇ ಗ್ರಂಥಸೂಚಿ.

ಬಿರುದನ್ನು ಕಡೆಗಣಿಸಿದುದರ ಫಲ ಏನೆಂಬುದನ್ನು ಗೊಮ್ಮಟಸಾರದ ಟೀಕೆಗಳ ಚರಿತ್ರೆ ತೋರಿಸುತ್ತದೆ. ಅಭಯಚಂದ್ರ ಸಿದ್ಧಾಂತಚಕ್ರವರ್ತಿಗಳ ಶಿಷ್ಯರಾದ ಕೇಶವವರ್ಣಿಗಳು 1359ರಲ್ಲಿ ಕನ್ನಡದಲ್ಲಿ ಜೀವತತ್ತ್ವಪ್ರದೀಪಿಕೆಯನ್ನು ರಚಿಸಿದರು. ಅದನ್ನನುಸರಿಸಿ ಅದೇ ಹೆಸರಿನ ಸಂಸ್ಕೃತ ಟೀಕೆಯೊಂದು ಹುಟ್ಟಿತು. ಹದಿನೆಂಟನೆಯ ಶತಮಾನದಲ್ಲಿ ಟೋಡರಮಲ್ಲರು ಸಂಸ್ಕೃತಟೀಕೆಯನ್ನೂ ಕೇಶವವರ್ಣಿಗಳದೆಂದೇ ಭಾವಿಸಿದರು. ಅದು ಬಹಳ ಈಚಿನ ಬೇರೊಬ್ಬ ನೇಮಿಚಂದ್ರರದೆಂದು ಆ. ನೇ. ಉಪಾಧ್ಯೆಯವರು ಸಾಧಿಸಬೇಕಾಯಿತು. ಮೂಲದ ನೇಮಿಚಂದ್ರರು, ಟೀಕೆಯ ನೇಮಿಚಂದ್ರರು. ಸಿದ್ಧಾಂತಚಕ್ರವರ್ತಿ ಎಂಬ ಪದವನ್ನು ಬಿಟ್ಟರೆ ಸೂಚೀಪತ್ರದ ಎರಡು ಸಾಲುಗಳು ಒಂದೇ ಆಗುತ್ತವೆ. ಕನ್ನಡ ವೃತ್ತಿಯೂ ಸಂಸ್ಕೃತ ಟೀಕೆಯೂ ಒಂದೇ ಆವೃತ್ತಿಯಲ್ಲಿ ಅಕ್ಕಪಕ್ಕದಲ್ಲಿ ಅಚ್ಚಾಗಿ ಸಂದೇಹಕ್ಕೆ ಎಡೆಯಿಲ್ಲದಂತಾದದ್ದು 1978ರಿಂದ ಭಾರತೀಯ ಜ್ಞಾನಪೀಠದ ಪ್ರಕಟಣೆಯಲ್ಲಿ.

ಬಿರುದೊಂದನ್ನೇ ನಂಬಿ ನಡೆಯುವುದೂ ಅಪಾಯಕರವೇ. ಗದ್ಯಚಿಂತಾಮಣಿಯನ್ನು ಬರೆದ ಒಡೆಯದೇವರೂ ವಾದೀಭಸಿಂಹರು, ಮಲ್ಲಿಷೇಣ ಪ್ರಶಸ್ತಿಯ ಅಜಿತಸೇನರೂ ವಾದೀಭಸಿಂಹರು. ಇವರಿಬ್ಬರೂ ಒಬ್ಬರೇ ಎಂಬ ವಿಷಯದಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಸಿಂಹ, ಪಂಚಾನನ, ವಜ್ರ, ಮಾರ್ತಂಡ ಮುಂತಾದ ರೂಪಕದ ಬಿರುದುಗಳಿಗೂ ಸೈದ್ಧಾಂತಿಕ, ತ್ರೈವಿದ್ಯ, ಅಧ್ಯಾತ್ಮಿ ಮುಂತಾದ ಶಾಸ್ತ್ರದ ಬಿರುದುಗಳಿಗೂ ಪ್ರಾಮಾಣ್ಯ ಒಂದೇ ಅಲ್ಲ. ಮೊದಲಿನವನ್ನು ಯಾವ ಶಿಷ್ಯನೂ ಯಾವ ಗುರುವಿಗೂ ಕೊಡಬಹುದು. ಎರಡನೆಯವನ್ನು ಹಾಗೆ ಕೊಟ್ಟರೆ ಸಭೆ ನಗುತ್ತಿತ್ತು.

ಹದಿನಾಲ್ಕನೆಯ ಶತಮಾನದಿಂದ ಈಚೆಗೆ ಈ ವ್ಯವಸ್ಥೆ ಸಡಿಲವಾಯಿತು. ಭಟ್ಟಾರಕಪೀಠಗಳು ಸ್ಥಿರವಾದಂತೆ ವ್ಯಕ್ತಿಯ ವಿದ್ಯೆಯನ್ನು ಹೇಳುತ್ತಿದ್ದ ಹೆಸರು ಪೀಠದ ಹೆಸರಿನೊಳಗೆ ಸೇರಿಹೋಯಿತು. ಪಂಡಿತಾಚಾರ್ಯ ಎಂಬುದು ಮೂಲದಲ್ಲಿ ವಿದ್ಯಾನಾಮ. ಬೆಳಗೊಳ ಮತ್ತು ಮೂಡಬಿದಿರೆಗಳಲ್ಲಿ ಅದು ಚಾರುಕೀರ್ತಿ ಎಂಬ ಪಟ್ಟಾಭಿಧಾನದೊಡನೆ ಬೆಸೆದುಕೊಂಡು ಪೀಠವನ್ನೇರಿದವರೆಲ್ಲರ ಹೆಸರಾಯಿತು. ಶಾಸ್ತ್ರವನ್ನು ಹೇಳುವ ಹೆಸರುಗಳು ಮತ್ತೆ ತಲೆಯೆತ್ತಿದ್ದು ಇಪ್ಪತ್ತನೆಯ ಶತಮಾನದ ಪರೀಕ್ಷೆಗಳ ಮೂಲಕ. ಕಲ್ಕತ್ತೆಯ ಸಂಸ್ಕೃತ ಪರೀಕ್ಷೆಗಳ ನ್ಯಾಯತೀರ್ಥ, ಕಾವ್ಯತೀರ್ಥಗಳು, 1905ರಲ್ಲಿ ಕಾಶಿಯಲ್ಲಿ ಸ್ಥಾಪಿತವಾದ ಸ್ಯಾದ್ವಾದ ಮಹಾವಿದ್ಯಾಲಯದಂಥ ಕಡೆ ಓದಿದವರ ಸಿದ್ಧಾಂತಶಾಸ್ತ್ರಿ, ನ್ಯಾಯಾಚಾರ್ಯ ಪದವಿಗಳು ಶಬ್ದ, ತರ್ಕ, ಆಗಮಗಳ ಹಳೆಯ ವಿಭಾಗವನ್ನೇ ಹೊಸ ಪ್ರಮಾಣಪತ್ರದ ಮೇಲೆ ಬರೆದುವು. ತೀರ್ಥವೆಂದರೆ ಗುರುವೆಂಬ ಅರ್ಥವೂ ಇದೆ. ಒಬ್ಬ ಗುರುವಿನ ಬಳಿ ಓದಿದವರು ಸತೀರ್ಥ್ಯರು. ಈ ಪರೀಕ್ಷೆಗಳಲ್ಲಿ ಮೂರು ಶಾಸ್ತ್ರಗಳನ್ನೂ ಮುಗಿಸಿದವರಿಗೆ ತ್ರೈವಿದ್ಯ ಎಂಬ ಹಳೆಯ ಪದವನ್ನು ಯಾರೂ ಸೂಚಿಸಲಿಲ್ಲವೆಂಬುದು ಸ್ವಲ್ಪ ಆಶ್ಚರ್ಯದ ಸಂಗತಿ.

ಭಂಡಾರಗಳಲ್ಲಿ ಕೆಲಸ ಮಾಡುವವರಿಗೆ ಪಂಡಿತಾಚಾರ್ಯ ಪದವೇ ಇಂದು ಹೆಚ್ಚು ತೊಡಕಿನದು. ಪರೀಕ್ಷಾಮುಖದ ಪರಂಪರೆಗೆ ಸೇರಿದ ಪ್ರಮೇಯರತ್ನಾಲಂಕಾರವೂ ಚಾರುಕೀರ್ತಿ ಪಂಡಿತಾಚಾರ್ಯರದು, ಗೀತಗೋವಿಂದದ ಧಾಟಿಯ ಗೀತವೀತರಾಗವೂ ಚಾರುಕೀರ್ತಿ ಪಂಡಿತಾಚಾರ್ಯರದು. ತರ್ಕಗ್ರಂಥಕ್ಕೂ ಗೇಯಕಾವ್ಯಕ್ಕೂ ಒಂದೇ ಹೆಸರು; ಆ ಹೆಸರಿನಿಂದ ಶಾಸ್ತ್ರವೂ ತಿಳಿಯದು, ಕಾಲವೂ ತಿಳಿಯದು. ಇಂಥ ಪ್ರತಿಗಳಲ್ಲಿ ಹೆಸರಿನ ಹಿಂದೆ ‘ಅಭಿನವ’ ಎಂಬ ನಾಲ್ಕಕ್ಷರ ಇದೆಯೇ ಇಲ್ಲವೇ, ಪುಷ್ಪಿಕೆಯಲ್ಲಿ ಯಾವ ಅರಸನ ಅಥವಾ ಯಾವ ಶ್ರಾವಕನ ಪ್ರಾರ್ಥನೆಯ ಉಲ್ಲೇಖವಿದೆ, ಲಿಪಿಕಾರನು ಬರೆದ ಸಂವತ್ಸರ ಯಾವುದು ಎಂಬುದನ್ನು ಅಕ್ಷರಶಃ ನಕಲಿಸಿಕೊಳ್ಳದೆ ಸೂಚೀಪತ್ರದ ಕಾರ್ಡಿನಲ್ಲಿ ‘ಕರ್ತೃ: ಚಾರುಕೀರ್ತಿ’ ಎಂದಷ್ಟೇ ಬರೆದರೆ ಮುಂದೆ ಓಲೆಯನ್ನು ಮತ್ತೆ ಬಿಚ್ಚಿ ನೋಡುವ ಹೊರತು ಬೇರೆ ಉಪಾಯವಿಲ್ಲ.